ಆಗದ ಮದ್ದಿನ ಲೆಕ್ಕ

ಮದುವೆ ಮನೆಯವರು ಅಡುಗೆಯವರನ್ನು ಗೊತ್ತುಮಾಡುವುದಕ್ಕೂ ಮೊದಲು ನನ್ನನ್ನು ಕರೆಸುತ್ತಿದ್ದರು. ಬೀಗರ ಊರು ಯಾವುದು, ಬಸ್ಸಿನಲ್ಲಿ ಬರುತ್ತಾರೋ ಗಾಡಿ ಕಟ್ಟಿಕೊಂಡು ಬರುತ್ತಾರೋ, ಸುಗ್ಗಿ ಮುಗಿದಿದೆಯೋ ಇಲ್ಲವೋ ಎಂದು ಕೇಳಿಕೊಂಡು ನಾನು ಇಷ್ಟು ಅಕ್ಕಿ, ಇಷ್ಟು ಬೇಳೆ, ಇಷ್ಟು ಬೆಲ್ಲ, ಇಷ್ಟು ಗಾಡಿ ಸೌದೆ ಎಂದು ಹೇಳಿಬಿಡುತ್ತಿದ್ದೆ. ಕೊನೆಯ ಪಂಕ್ತಿ ಎದ್ದ ಮೇಲೆ ಕೊಪ್ಪರಿಗೆಯಲ್ಲಿ ಬಡಿಸಿದವರ ಊಟಕ್ಕೆ ಸಾಕಾಗುವಷ್ಟು ಅನ್ನ ಉಳಿದಿರುತ್ತಿತ್ತು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಜಂಬಕ್ಕೆ ಹೇಳುತ್ತಿದ್ದಾನೆ ಎಂದುಕೊಂಡರೆ ಹಾಗೇ ಇರಲಿ. ದುಡಿದು ಕಲಿತದ್ದಕ್ಕೆ ಜಂಬಪಡಬಾರದು ಎಂದು ನನಗೆ ಯಾರೂ ಹೇಳಿಕೊಟ್ಟಿಲ್ಲ.

ಆ ಅಂದಾಜು ಒಂದೇ ಒಂದು ಸಲ ತಲೆಕೆಳಗಾಯಿತು, ಅದೂ ಒಂದು ಮದ್ದಿನ ವಿಷಯದಲ್ಲಿ. ಆ ಮದ್ದು ಮಾಡಿದ ಹೆಂಗಸು ಹನೂರಿನವರು. ಅವರನ್ನು ನೆನೆದಾಗ ಇವತ್ತಿಗೂ ಕೈ ತಾನಾಗಿ ಮುಗಿಯುತ್ತದೆ.

ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷವಾಗಿತ್ತು. ಕಾಸು ನಯಾಪೈಸೆಗೆ ತಿರುಗಿದ್ದರೂ ನಮ್ಮ ಬಾಯಿ ಆಣೆಯಲ್ಲೇ ಇತ್ತು. ನಾನು ಒಬ್ಬ ಸಾಹುಕಾರರ ರೇಷ್ಮೆ ನೂಲಿನ ಶೆಡ್ಡಿನಲ್ಲಿ ಮೇಸ್ತ್ರಿ. ಸಾಲಾಗಿ ಒಲೆಗಳು, ಒಲೆಯ ಮೇಲೆ ಬಿಸಿನೀರಿನ ಬಾಣಲೆಗಳು, ಅದರೊಳಗೆ ರೇಷ್ಮೆ ಗೂಡು. ಒಬ್ಬರು ಚರಕದ ಹಿಡಿ ತಿರುಗಿಸಬೇಕು, ಇನ್ನೊಬ್ಬರು ಬಾಣಲೆಗೆ ಕೈಹಾಕಿ ಗೂಡಿನ ಎಳೆ ಹಿಡಿದು ಕೊಡುತ್ತಲೇ ಇರಬೇಕು. ಬೆಳಗಿನಿಂದ ಸಂಜೆಯವರೆಗೆ ಬಿಸಿನೀರು, ಅದರಲ್ಲಿ ಸತ್ತ ಹುಳದ ರಸ. ಎಳೆ ಹಿಡಿಯುವವರ ಬೆರಳ ಸಂದಿ ಬೆಂದು, ಬಿಳಿಚಿಕೊಂಡು, ಸುಲಿದು, ಆಮೇಲೆ ಕೀವು ಕಟ್ಟುತ್ತಿತ್ತು. ನೂಲಿನ ಶೆಡ್ಡಿನ ಹೆಂಗಸರನ್ನು ಸಂತೆಯಲ್ಲಿ ಕೈ ನೋಡಿಯೇ ಗುರುತಿಸಬಹುದಿತ್ತು.

ನನ್ನ ಹೆಂಡತಿಯೂ ಅಲ್ಲೇ ಎಳೆ ಹಿಡಿಯುತ್ತಿದ್ದಳು. ಅವಳು ನನಗೆ ಅಕ್ಕನ ಮಗಳು, ಕರೆಯುತ್ತಿದ್ದುದು ಮಾವ ಎಂದೇ. ಅವಳ ಕೈಯಲ್ಲಿ ಬಂದ ನೂಲಿನಲ್ಲಿ ಗಂಟು ಇರುತ್ತಿರಲಿಲ್ಲ, ಸಾಹುಕಾರರು ಅವಳು ತೆಗೆದ ನೂಲಿನ ಲಡಿಗಳನ್ನು ಬೇರೆ ಕಟ್ಟಿಸಿ ಬೇರೆ ಬೆಲೆಗೆ ಮಾರುತ್ತಿದ್ದರು. ಆ ವರ್ಷ ಅವಳ ಎರಡೂ ಕೈ ಕೆಟ್ಟವು. ಮುದ್ದೆ ಮುರಿಯಲಾಗದೆ ಲೋಟದಲ್ಲಿ ಅಂಬಲಿ ಕುಡಿಯುತ್ತಿದ್ದಳು. ಆಸ್ಪತ್ರೆಯ ಮುಲಾಮು ಒಳ್ಳೆಯದೇ. ಹುಣ್ಣು ಮಾಯುತ್ತಿತ್ತು. ಆದರೆ ಕೈಯಲ್ಲಿ ಉಳಿದ ಜಿಡ್ಡು ನೂಲಿಗೆ ಹತ್ತಿ ಕಲೆಯಾಗುತ್ತಿತ್ತು, ಜಿಡ್ಡು ತೊಳೆದು ನೀರಿಗಿಳಿದರೆ ಮೂರು ದಿನಕ್ಕೆ ಮತ್ತೆ ಹುಣ್ಣು.

ಸಾಹುಕಾರರು ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದರು.

"ಲೇ, ಮಳೆಗಾಲ ಕಳೆದ್ಮೇಲೆ ಒಳ್ಳೆ ಗೂಡು ಬತ್ತದೆ. ಅಷ್ಟೊತ್ಗೆ ಅವಳ ಕೈ ಸರಿ ಓಗ್ನಿಲ್ಲ ಅಂದ್ರೆ ಆ ಬಾಣಲೆಗೆ ಬೇರೆಯವರನ್ನ ಕೂರಿಸ್ಬೇಕಾಯ್ತದೆ ಕಣ್ಲಾ. ಮನಸ್ಗೆ ತಕೋಬೇಡ."

"ತಕಳಾಕಿಲ್ಲ ಬುದ್ಧಿ," ಎಂದೆ. ತೆಗೆದುಕೊಂಡಿದ್ದೆ. ಆ ಬಾಣಲೆ ಅವಳದು. ಅದು ಹೋದರೆ ಅವಳಿಗೆ ಉಳಿಯುವುದು ಕಳೆ ಕೀಳುವ ಕೂಲಿ. ಅವಳಿಗೆ ಆ ನೂಲಿನ ಮೇಲಿದ್ದ ಅಭಿಮಾನ ನನಗೆ ನನ್ನ ಅಂದಾಜಿನ ಮೇಲಿದ್ದ ಜಂಬಕ್ಕಿಂತ ದೊಡ್ಡದು.

ಹನೂರಿನಲ್ಲಿ ಸುಟ್ಟಗಾಯಕ್ಕೆ ಮದ್ದು ಕೊಡುವ ಒಬ್ಬರಿದ್ದಾರೆ ಎಂದು ಚರಕ ತಿರುಗಿಸುವವನೊಬ್ಬ ಹೇಳಿದ. ಹೋದೆ. ಅವರ ಗಂಡ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದವರು. ಆ ಕೊಪ್ಪರಿಗೆಯ ಪಕ್ಕದಲ್ಲಿ ಬಿಸಿ ಪಾಕ ಸಿಡಿದು ಬೆಂದವರ ಕೈಕಾಲು ನೋಡಿಕೊಂಡೇ ಇವರು ಅತ್ತೆಯಿಂದ ಆ ವಿದ್ಯೆ ಕಲಿತಿದ್ದರು. ಐವತ್ತರ ಹತ್ತಿರದ ವಯಸ್ಸು, ಎತ್ತರದ ಆಳು, ಮಾತಿನಲ್ಲಿ ನಗು. ಊರೆಲ್ಲ ಅವ್ವ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ತಲೆಯಾಡಿಸಿದರು.

"ನನ್ತಾವ ಇರೋದು ಎಣ್ಣೆ ಮದ್ದು. ನಿಮ್ ನೂಲಿಗೆ ಆಗಾಕಿಲ್ಲ. ನಿನ್ ಎಂಡ್ತಿಗೆ ಬೇಕಾಗಿರೋ ಮದ್ದು ಇನ್ನೂ ಉಟ್ಟೇ ಇಲ್ಲ ಮಗ."

"ಉಟ್ಟಿಸಾಕಾಗ್ದಾ ಅವ್ವ?"

"ಅದು ಆಗ್ಬೋದು, ಆಗ್ದೇನೂ ಇರ್ಬೋದು."

"ಎಷ್ಟಾಯ್ತದೆ?"

"ಮದ್ದಿಗೆ ಬೆಲೆ ಏಳ್ಬಾರ್ದು. ಬೆಲೆ ಕಟ್ಟಿದ್ ಮದ್ದು ಮೈಗೆ ಹತ್ತಾಕಿಲ್ಲ ಅಂತ ನಮ್ಮತ್ತೆ ಆಣೆ ಆಕ್ಸವ್ಳೆ. ಮಾಡೋ ಖರ್ಚು ಬೇರೆ. ಅದನ್ನ ನೀನೇ ಅಂದಾಜು ಆಕ್ಕೊ. ನಿನ್ ಸುದ್ದಿ ಹನೂರ್ಗಂಟ ಬಂದದೆ, ಮದುವೆ ಮನೆ ಮೇಸ್ತ್ರಿ."

ನನಗೆ ಬೇಕಾಗಿದ್ದೂ ಅದೇ. ಏನೇನು ಬೇಕು ಎಂದು ಕೇಳಿಕೊಂಡೆ: ಜೇನುಮೇಣ, ಹರಳೆಣ್ಣೆ, ಜಾಲಿ ಚಕ್ಕೆ, ಇನ್ನೂ ಎರಡು ಮೂರು ಬೇರು. ಅರೆಯುವ ಆಳಿನ ಕೂಲಿ, ಸೌದೆ, ಹೊಸ ಮಡಕೆ, ಬಸ್ ಚಾರ್ಜು ಸೇರಿಸಿ, ಅಲ್ಲೇ ಜಗುಲಿಯ ಮೇಲೆ ಕೂತು ಎಪ್ಪತ್ತು ರೂಪಾಯಿ ಎಂದೆ. ಇಡೀ ಶೆಡ್ಡಿನ ಕೈಗಳಿಗೆ ಒಂದು ತಿಂಗಳಿಗೆ ಸಾಕಾಗುವಷ್ಟು.

ಅವ್ವ ಬಾಯಿತುಂಬ ನಕ್ಕರು. "ನೀನು ಆಗೋ ಮದ್ದಿನ ಲೆಕ್ಕ ಏಳ್ದೆ. ಆಗದ ಮದ್ದಿನ ಲೆಕ್ಕ ಎಲ್ಲೈತಪ್ಪ?"

"ಅಂಗಂದ್ರೆ?"

"ಮದುವೆ ಮನೇಲಿ ಅಕ್ಕಿ ಬೇಯ್ತದೆ ಅಂತ ನಿಂಗೆ ಮೊದಲೇ ಗೊತ್ತು. ಬೇಯ್ತದೋ ಇಲ್ವೋ ಗೊತ್ತಿಲ್ದಿರೋ ಅಕ್ಕಿಗೆ ಅಂದಾಜು ಆಕು, ನೋಡಾನ."

ನನಗೆ ಕೋಪ ಬಂತು. ಲೆಕ್ಕದಲ್ಲಿ ನನ್ನನ್ನು ನೋಡಿ ನಕ್ಕವರು ಅದುವರೆಗೆ ಇರಲಿಲ್ಲ. ಹನೂರಿನಿಂದ ಬಸ್ಸು ಕೊಳ್ಳೇಗಾಲ ಮುಟ್ಟುವವರೆಗೂ ಆ ಮಾತನ್ನೇ ಅಗಿಯುತ್ತಾ ಬಂದೆ. ಶೆಡ್ಡಿನ ಬಾಗಿಲಲ್ಲಿ ಗೂಡಿನ ಕುಕ್ಕೆಗಳನ್ನು ಸುರಿಯುತ್ತಿದ್ದರು, ಅದರಲ್ಲಿ ಕೆಟ್ಟ ಗೂಡೂ ಬೆರೆತಿರುವುದನ್ನು ನೋಡಿ ಅವ್ವನ ಮಾತು ಅರ್ಥವಾಯಿತು, ಕೋಪ ಇಳಿಯಿತು.

ಅದೇ ಬುದ್ಧಿಯಲ್ಲಿ ಸಾಹುಕಾರರ ಮುಂದೆ ಹೋಗಿ ಅಲ್ಲಿದ್ದ ಗೂಡನ್ನೇ ತೋರಿಸಿದೆ.

"ಬುದ್ಧಿ, ಇದ್ರಲ್ಲಿ ಕಲೆಗೂಡು ಐತೆ, ತೂತುಗೂಡು ಐತೆ, ಎರಡು ಹುಳ ಒಂದರೊಳಗೇ ಕಟ್ಟಿದ್ದೂ ಐತೆ. ಯಾವುದ್ರಲ್ಲೂ ಒಳ್ಳೆ ನೂಲು ಬರಾಕಿಲ್ಲ. ಅವಕ್ಕೂ ದುಡ್ಡು ಕೊಟ್ಟಿದೀರಲ್ಲ?"

"ಕೊಡ್ದೆ? ಕುಕ್ಕೆ ಲೆಕ್ಕದಲ್ಲೇ ಅಲ್ವಾ ಕೊಳ್ಳೋದು. ಅದನ್ನ ನೂಲಿನ ಮೇಲೆ ಆಕ್ಕೋತೀನಿ."

"ಮದ್ದೂ ಅಂಗೇ ಬುದ್ಧಿ. ಮದ್ದು ಕಾಯ್ಸುವಾಗ ಕೆಟ್ಟ ಪಾಕದ ದುಡ್ಡನ್ನೂ ಆದ ಪಾಕದ ಮೇಲೆ ಆಕ್ಬೇಕು."

ಅವರು ಮೀಸೆ ತಿರುವಿದರು. "ಗೂಡಲ್ಲಿ ಎಷ್ಟು ಕೆಡ್ತದೆ ಅಂತ ನಂಗೆ ಗೊತ್ತು ಕಣ್ಲಾ. ನಮ್ಮಪ್ಪನ ಕಾಲದಿಂದ ನೋಡಿದೀನಿ. ನಿನ್ ಮದ್ದಲ್ಲಿ ಎಷ್ಟು ಪಾಕ ಕೆಡ್ತದೆ ಅಂತ ಯಾರ್ ಕಂಡವ್ರೆ?"

ಇದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಯಾರ ಬಳಿಯೂ ಇರಲಿಲ್ಲ. ನಾಲ್ಕು ಕೆಟ್ಟು ಐದನೆಯದು ಆಗಬಹುದು ಎಂದು ಧೈರ್ಯ ಮಾಡಿ ಹೇಳಿದೆ. ಐದು ಪಾಕಕ್ಕೆ ಮುನ್ನೂರೈವತ್ತು ಎಂದೆ, ಕೈಕೈ ಹಿಸುಕಿಕೊಂಡು ಸಾಹುಕಾರರು ಮುನ್ನೂರು ರೂಪಾಯಿಗೆ ಒಪ್ಪಿದರು. ಅದರ ಮೇಲೆ ಒಂದು ಕಾಸು ಕೇಳಬಾರದು ಎಂದರು. ಆ ಕಾಲದಲ್ಲಿ ಇನ್ನೂ ಹುಟ್ಟದ ಒಂದು ವಸ್ತುವಿಗೆ ಮುನ್ನೂರು ರೂಪಾಯಿ ಕೊಡುವ ಎದೆ ಕೊಳ್ಳೇಗಾಲದಲ್ಲಿ ಎಷ್ಟು ಜನಕ್ಕಿತ್ತೋ ನಾನರಿಯೆ.

ಎಷ್ಟೋ ವರ್ಷದ ಮೇಲೆ, ಎಪ್ಪತ್ತನೇ ಇಸವಿಯ ಈಚೆ, ಔಷಧಿ ಅಂಗಡಿಯ ಮುಂದೆ ಜನ ಗೊಣಗುವುದನ್ನು ಕೇಳಿದ್ದೇನೆ: "ಇಷ್ಟುದ್ದ ಮಾತ್ರೆಗೆ ಇಷ್ಟು ದುಡ್ಡಾ? ಇದ್ರಲ್ಲಿ ಏನೈತೆ, ಒಂದು ಚಿಟಿಕೆ ಸುಣ್ಣ!" ನಾನು ಆ ಗೊಣಗಾಟಕ್ಕೆ ಸೇರಿಲ್ಲ. ಆ ಮಾತ್ರೆಯ ಹಿಂದೆ ಎಷ್ಟು ಮಡಕೆ ತಿಪ್ಪೆಗೆ ಹೋಗಿವೆಯೋ ಎಂದುಕೊಳ್ಳುತ್ತೇನೆ. ಲಾಭಕ್ಕೆಂದು ಹೆಚ್ಚು ಕೀಳುವವರೂ ಇದ್ದಾರು, ಅದು ಬೇರೆ ಮಾತು.

ಮೇಣ ತರಲು ಯಳಂದೂರಿಗೆ ಹೋಗಬೇಕಾಗಿತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅಲ್ಲಿಗೆ ಜೇನು, ಮೇಣ ತರುತ್ತಿದ್ದರು. ಹೊರಡುವಾಗ ಅವ್ವ ಒಂದು ಕಟ್ಟು ಹಾಕಿದ್ದರು: ಮದ್ದಿಗೆ ಬೇಕಾದ್ದನ್ನು ಚೌಕಾಸಿ ಮಾಡಿ ತರಬಾರದು, ಕೇಳಿದಷ್ಟು ಕೊಡಬೇಕು. ಸಂತೆಯಲ್ಲಿ ಬದನೆಕಾಯಿಗೂ ಕಾಲುಗಂಟೆ ವಾದ ಮಾಡುವ ನನಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಸೋಲಿಗರವನು ಬೆಲೆ ಹೇಳಿದ. ಹಲ್ಲು ಕಚ್ಚಿಕೊಂಡು ಎಣಿಸಿಕೊಟ್ಟೆ. ಅವನು ದುಡ್ಡನ್ನೂ ನನ್ನ ಮುಖವನ್ನೂ ನೋಡಿದ.

"ಯಾಕ್ ಸಾ, ಏನೂ ಕೇಳ್ನಿಲ್ಲ? ಮೈಗೆ ಉಷಾರಿಲ್ವಾ?"

"ಮದ್ದಿಗೆ ಕಣಪ್ಪ. ಚೌಕಾಸಿ ಮಾಡಂಗಿಲ್ಲ."

"ಮೊದ್ಲೇ ಏಳ್ಬಾರ್ದಾ? ಮದ್ದಿಗೆ ಅಂದ್ರೆ ನಾನೂ ಜಾಸ್ತಿ ಏಳಂಗಿಲ್ಲ!" ಎಂದು ಕಾಲುಭಾಗ ದುಡ್ಡು ವಾಪಸ್ಸು ಕೊಟ್ಟ. ಬೆಟ್ಟದವರಿಗೂ ಅವ್ವನ ಕಟ್ಟೇ ಇತ್ತು.

ಮೊದಲನೇ ಪಾಕಕ್ಕೆ ಅವ್ವ ಅರಿಶಿನ ಹಾಕಿದ್ದರು. ನೂಲಿನ ಮೇಲೆ ಹಳದಿ ಚುಕ್ಕೆ ಬಿದ್ದವು. ಎರಡನೆಯದರಲ್ಲಿ ಜಾಲಿ ಚಕ್ಕೆಯ ಕಷಾಯ ಹೆಚ್ಚಾಗಿ ಚರ್ಮ ಚಪ್ಪಲಿಯಂತೆ ಗಟ್ಟಿಯಾಗಿ ಬಿರಿಯಿತು. ಮೂರನೆಯದು ಬಂದಾಗ ನಮಗೆ ಗೆದ್ದೆವೆಂದೇ ಅನಿಸಿತು. ನನ್ನ ಹೆಂಡತಿಯ ಹುಣ್ಣು ಒಣಗಿತು, ಬಿಸಿನೀರಿಗೆ ಕೈಯಿಟ್ಟರೂ ಮತ್ತೆ ಬಾಯಿಬಿಡಲಿಲ್ಲ, ಜಿಡ್ಡೂ ಹತ್ತಲಿಲ್ಲ. ಆದರೆ ನೂಲಿನ ಹೊಳಪು ಮಾತ್ರ ಮಂಜು ಕವಿದ ಹಾಗೆ ಮಂಕಾಯಿತು. ಅವ್ವ ಮೇಣ ಕಡಿಮೆ ಮಾಡಿ ನಾಲ್ಕನೆಯದು ಕೊಟ್ಟರು, ಅದೂ ಮಂಕು. ಬೇರು ಬದಲಾಯಿಸಿ ಐದನೆಯದು ಕೊಟ್ಟರು, ಅದೂ ಮಂಕು. ಮಂಕಾದ ಲಡಿಗಳನ್ನು ನೂಲು ಕೊಳ್ಳುವ ವ್ಯಾಪಾರಿ ಹಿಂದಕ್ಕೆ ಎಸೆದ. ಮುನ್ನೂರು ರೂಪಾಯಿ ಮುಗಿದಿತ್ತು, ಮಳೆಗಾಲವೂ ಮುಗಿಯುತ್ತಾ ಬಂದಿತ್ತು. ಸಾಹುಕಾರರು ನನ್ನ ಹೆಂಡತಿಯ ಬಾಣಲೆಗೆ ಕೂರಲು ಮಾಂಬಳ್ಳಿಯ ಒಬ್ಬಾಕೆಗೆ ಹೇಳಿಕಳಿಸಿದ್ದಾರೆ ಎಂದು ಕೇಳಿದೆ.

ಮತ್ತೆ ಹನೂರಿಗೆ ಹೋದೆ. "ಅವ್ವ, ಇನ್ನೆಷ್ಟು ಪಾಕ ಆಯ್ತದೆ, ಏಳಿ. ನಾನು ಅವರ ಮುಂದೆ ಏನಂತ ನಿಲ್ಲಾನ?"

"ಏಳಿದ್ರೆ ಸುಳ್ಳಾಯ್ತದೆ ಮಗ. ಇನ್ನೆಷ್ಟು ಅನುಮಾನ ಉಳ್ಕಂಡವೆ ಅಂತ ಬೇಕಾದ್ರೆ ಏಳ್ತೀನಿ." ಬೆರಳು ಮಡಿಸಿದರು. "ಒಂದು, ಎಣ್ಣೆ. ಇನ್ನೊಂದು, ಚಕ್ಕೆ. ಆಮೇಲೆ ಕೈ."

"ಕೈಯ್ಯಾ?"

"ನಿಮ್ ಲಡಿ ಒಂದನ್ನ ಇಸ್ಕಂಡಿದ್ನಲ್ಲ, ಅದನ್ನ ನಾನು ಇಲ್ಲಿ ಕೈಗೆ ಮದ್ದು ಮೆತ್ಕಂಡು ಬಿಸಿನೀರಲ್ಲಿ ಅದ್ದಿ ನೋಡ್ದೆ. ಹೊಳೀತಾ ಐತೆ. ನಿಮ್ ಶೆಡ್ಡಲ್ಲಿ ಮಂಕಾಯ್ತದೆ. ನಾನು ನಿಮ್ ಎಳೆ ಇಡಿಯೋ ಎಣ್ಣೈಕ್ಳು ಮದ್ದು ಮೆತ್ಕಳೋದ ಕಂಡೇ ಇಲ್ಲ."

ಅಷ್ಟು ಹೊತ್ತಿಗೆ ನನ್ನ ಬುದ್ಧಿಗೆ ಕೆಲಸ ಸಿಕ್ಕಿತು. ಎಷ್ಟು ಸಲ ಕೆಡುತ್ತದೆ ಎಂದು ಎಣಿಸಲು ಹೋಗಿ ನಾನು ಸೋತಿದ್ದೆ. ಅನುಮಾನಗಳನ್ನಾದರೆ ಎಣಿಸಬಹುದು, ಒಂದೊಂದನ್ನು ತೀರಿಸಲು ಎಷ್ಟು ತಗಲುತ್ತದೆ ಎಂದೂ ಹೇಳಬಹುದು. ಎಣ್ಣೆಯ ಅನುಮಾನಕ್ಕೆ ಒಂದು ಪಾಕ. ಚಕ್ಕೆಯದಕ್ಕೆ ಇನ್ನೊಂದು. ಕೈಯದಕ್ಕೆ ಹನೂರಿನಿಂದ ಕೊಳ್ಳೇಗಾಲಕ್ಕೆ ಬಸ್ ಚಾರ್ಜು.

"ಹಂಗಾದ್ರೆ ಅಗ್ಗದ ಅನುಮಾನ ಮೊದಲು ತೀರಿಸಾನ ಅವ್ವ," ಎಂದೆ.

ಅವ್ವ ನನ್ನನ್ನು ನೋಡಿದರು. "ಈಗ ಅಂದಾಜು ಆಕ್ದೆ ನೋಡು," ಎಂದರು. ಯಾವ ಮದುವೆ ಮನೆಯ ಶಾಲೂ ಆ ಮಾತಿಗೆ ಸಮ ಬರುವುದಿಲ್ಲ.

ಸಾಹುಕಾರರಿಗೆ ಇದನ್ನು ಹಾಗೇ ಒಪ್ಪಿಸಿದೆ. ಖಾತ್ರಿ ಕೊಡಲಿಲ್ಲ, ಮೂರು ಅನುಮಾನಗಳನ್ನೂ ಅವುಗಳ ಖರ್ಚನ್ನೂ ಹೇಳಿದೆ. "ಬಸ್ ಚಾರ್ಜಿಗೂ ನನ್ನ ಕೇಳ್ತೀಯೇನ್ಲಾ?" ಎಂದು ಗದರಿದರು. ಗದರಿ ಕೊಟ್ಟರು.

ಅವ್ವ ಮರುದಿನ ಬಂದು ಶೆಡ್ಡಿನ ಮೂಲೆಯಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತರು. ಕೆಲಸಕ್ಕೆ ಕೂರುವ ಮೊದಲು ಹೆಂಗಸರು ಡಬ್ಬಿಯಿಂದ ಮದ್ದು ತೆಗೆದು ಬೆರಳ ಸಂದಿಗೆ ಮೆತ್ತಿಕೊಂಡರು. ಆಮೇಲೆ ನನ್ನ ಹೆಂಡತಿ ಸೆರಗಿನ ಗಂಟು ಬಿಚ್ಚಿ, ಮಹದೇಶ್ವರನ ಬೆಟ್ಟದಿಂದ ತಂದ ವಿಭೂತಿಯನ್ನು ಒಂದು ಚಿಟಿಕೆ ತೆಗೆದು, "ಮಾದಪ್ಪಾ" ಎಂದು ಎರಡೂ ಕೈಗೆ ಉಜ್ಜಿಕೊಂಡು, ಗಂಟನ್ನು ಪಕ್ಕದವಳಿಗೆ ಕೊಟ್ಟಳು. ಪಕ್ಕದವಳೂ ಹಾಗೇ. ಗಂಟು ಸಾಲಿನ ಕೊನೆಯವರೆಗೂ ಹೋಗಿ ವಾಪಸ್ಸು ಬಂತು.

ಅವ್ವ ಎದ್ದು ಬಂದರು. "ದಿನಾ ಇಂಗೇ ಮಾಡ್ತೀರಾ?"

"ಇನ್ನೆಂಗ್ ಮಾಡಾರವ್ವ?" ಎಂದಳು ನನ್ನ ಹೆಂಡತಿ. "ಮಾದಪ್ಪನ ಧೂಳ್ತ ಇಲ್ದೆ ಯಾವ ಮದ್ದು ಇಡೀತದೆ?"

ನಾನೂ ಸಾಹುಕಾರರೂ ದಿನಾ ಅದನ್ನು ನೋಡಿದವರೇ. ಆದರೆ ಅದು ಉಸಿರಾಡುವುದನ್ನು ನೋಡಿದ ಹಾಗೆ. ಉಸಿರಾಟವನ್ನು ಯಾರಾದರೂ ಬಂದು ಹೇಳುತ್ತಾರೆಯೇ? ಕೈಯ ಮದ್ದಿಗೆ ಹತ್ತಿದ ಬೂದಿ ಬಿಸಿನೀರಿನಲ್ಲಿ ಬಿಟ್ಟು ನೂಲಿನ ಹೊಳಪು ತಿಂದಿತ್ತು. ಮೂರನೇ ಪಾಕವೇ ಸರಿಯಾಗಿತ್ತು. ಆಮೇಲಿನ ಎರಡೂ ಸುಮ್ಮನೆ ಆದ ಖರ್ಚು.

ಸಾಹುಕಾರರಿಗೆ ನಗು ತಡೆಯಲಾಗಲಿಲ್ಲ. "ಹಂಗಾದ್ರೆ ಮೇಸ್ತ್ರಿ, ಆ ಎರಡು ಪಾಕ ಯಾರ ಲೆಕ್ಕಕ್ಕೆ? ಮಾದಪ್ಪನ ಲೆಕ್ಕಕ್ಕಾ?"

"ಮದ್ದಿನ ಲೆಕ್ಕಕ್ಕೇ ಸೋಮಿ," ಎಂದರು ಅವ್ವ. "ಅವು ಕೆಡದಿದ್ರೆ ನಾನು ಬಸ್ ಅತ್ತಿ ಇಲ್ಲಿಗೆ ಬತ್ತಿದ್ನಾ?"

ಧೂಳ್ತವನ್ನು ಹಣೆಗೆ ಇಟ್ಟುಕೊಳ್ಳಿ, ಕೈಗೆ ಬೇಡ ಎಂದು ನಾನು ಹೆಂಗಸರಿಗೆ ಹೇಳಿನೋಡಿದೆ. ಇಡೀ ಸಾಲು ನನ್ನ ಮೇಲೆ ಬಿತ್ತು. "ನೋಯೋದು ಹಣೆಯಾ, ಕೈಯ್ಯಾ? ನಿನ್ ಹಣೆಗೆ ಹುಣ್ಣಾದಾಗ ಹಣೆಗಿಟ್ಕೊ ಓಗು!" ಅವ್ವ ನನ್ನನ್ನು ಸುಮ್ಮನಿರಿಸಿದರು. ಜನ ಬಿಡದಿರುವುದನ್ನು ಬಿಡಿಸಿ ಮದ್ದು ಮಾಡುವುದು ಅವರ ರೀತಿಯಲ್ಲ. ಧೂಳ್ತ ಇರುವ ಕೈಗೇ ಹೊಂದುವ ಹಾಗೆ ಮಾಡುತ್ತೇನೆ ಎಂದರು. ಧೂಳ್ತ ಉಜ್ಜಿದ ಹುಣ್ಣು ಬೇಗ ಒಣಗಿದೆ ಎಂಬುದನ್ನೂ ಅವರು ಗಮನಿಸಿದ್ದರು. ಅದು ದೇವರ ಕೆಲಸವೋ ಬೂದಿಯ ಕೆಲಸವೋ ಎಂದು ಸಾಹುಕಾರರು ಕೇಳಿದಾಗ, "ಎರಡರ ಕೂಲಿನೂ ಒಂದೇ ಚಿಟಿಕೆ, ಯಾಕೆ ಬಿಡ್ಸಿ ನೋಡ್ಬೇಕು?" ಎಂದರು.

ಹೊಸ ಕ್ರಮ ಹೀಗಾಯಿತು: ಸಂಜೆ ಕೆಲಸ ಬಿಡುವಾಗ ಮೂರನೇ ಪಾಕದ ಮದ್ದು, ಅದರ ಮೇಲೆ ಧೂಳ್ತ. ಬೆಳಿಗ್ಗೆ ಕೂರುವ ಮೊದಲು ತೊಳೆಯುವುದು. ಅಂಟುವಾಳದ ನೊರೆಯಲ್ಲಿ ತೊಳೆದರೆ ಹುಣ್ಣು ಉರಿದು ಹೆಂಗಸರು ಕುಣಿದಾಡಿದರು, ಅದೂ ಕೆಟ್ಟ ಲೆಕ್ಕಕ್ಕೆ ಸೇರಿತು. ಕಡಲೆಹಿಟ್ಟಿನಲ್ಲಿ ತೊಳೆದರೆ ಉರಿಯಲಿಲ್ಲ. "ದಿನಾ ಕಡ್ಲೆಹಿಟ್ಟಾ? ಮದುವೆ ಎಣ್ಣಾಗ್ಬುಟ್ವಲ್ಲೇ!" ಎಂದು ನಕ್ಕರು. ಮದ್ದು ಕೈಯಿಂದ ಹೋದರೂ ರಾತ್ರಿ ಚರ್ಮಕ್ಕೆ ಇಳಿದ ಜಾಲಿಯ ಸಾರ ಹಗಲೆಲ್ಲ ಕಾಯುತ್ತಿತ್ತು.

ಒಳ್ಳೆಯ ಗೂಡು ಬಂತು. ಮಾಂಬಳ್ಳಿಯಾಕೆಯೂ ಬುತ್ತಿ ಕಟ್ಟಿಕೊಂಡು ಬಂದು ಬಾಗಿಲಲ್ಲಿ ಕೂತಿದ್ದಳು. ನನ್ನ ಹೆಂಡತಿ ಯಾರ ಕಡೆಯೂ ನೋಡದೆ ಕೈ ತೊಳೆದು ತನ್ನ ಬಾಣಲೆಯ ಮುಂದೆ ಕೂತಳು. ನಾನು ಆ ದಿನ ಬೇರೆ ಯಾರಿಗೂ ಬಿಡದೆ ಚರಕದ ಹಿಡಿ ನಾನೇ ಹಿಡಿದೆ. ಮಧ್ಯಾಹ್ನದ ಊಟಕ್ಕೂ ಅವಳು ಏಳಲಿಲ್ಲ. ಇಳಿಹೊತ್ತಿನಲ್ಲಿ ಸಾಹುಕಾರರು ಲಡಿ ಬಿಚ್ಚಿಸಿ, ಬಾಗಿಲ ಬಿಸಿಲಿಗೆ ತೆಗೆದುಕೊಂಡು ಹೋಗಿ, ತಿರುವಿ, ಕೊಡವಿ, ಮತ್ತೆ ತಿರುವಿದರು. ನೂಲು ಹರಿಯುವ ನೀರಿನ ಹಾಗೆ ಹೊಳೆಯಿತು. ಅವಳ ಎರಡೂ ಕೈ ಮಗುಚಿ ನೋಡಿದರು.

ಬಾಗಿಲಲ್ಲಿದ್ದವಳಿಗೆ, "ನೀನು ಆ ತುದಿ ಬಾಣಲೆಗೆ ಕೂತ್ಕಳವ್ವ, ಅದು ಖಾಲಿ ಅದೆ. ಇದು ಇವಳದು," ಎಂದರು. ನನ್ನ ಕಡೆ ತಿರುಗಿ, "ಎಲ್ಲಾ ಸೇರಿ ಎಷ್ಟಾಯ್ತು ಮೇಸ್ತ್ರಿ? ಬೇರೆ ಶೆಡ್ಡಿನವ್ರೂ ಕೇಳ್ತಾವ್ರೆ. ಮದ್ದಿಗೆ ಬೆಲೆ ಬೇಡ. ಮಾಡಿದ ಖರ್ಚನ್ನ ಎಲ್ಲಾ ಶೆಡ್ಡಿನ ಮೇಲೂ ಹಂಚಾನ, ಎಣ್ಣೈಕ್ಳಿಗೆ ಬಿಟ್ಟಿ," ಎಂದರು.

ಕೆಟ್ಟ ಪಾಕ, ಹಿಂದಕ್ಕೆ ಬಂದ ಲಡಿ, ಅಂಟುವಾಳ, ಬಸ್ ಚಾರ್ಜು, ಅವ್ವ ಆಲೆಮನೆಗಳಿ‌ಗೆ ಹೋಗದೆ ಕಳೆದುಕೊಂಡ, ಜನ ತಾವಾಗಿ ಕೊಡುತ್ತಿದ್ದ ಸುಗ್ಗಿಯ ಕಾಳು, ಎಲ್ಲವನ್ನೂ ಸೇರಿಸಿ ಹೇಳಿದೆ. ಒಂದನ್ನೂ ಬಿಟ್ಟಿಲ್ಲ ಎಂದು ಎದೆಯುಬ್ಬಿಸಿ ನಿಂತಿದ್ದೆ.

ಬಾಣಲೆಯ ಮುಂದಿನಿಂದ ನನ್ನ ಹೆಂಡತಿಯ ದನಿ ಬಂತು. "ಮಾವ, ಐದು ಪಾಕನೂ ನಾವು ಕೈ ಕೊಟ್ಟು ನೋಡಿದ್ವಲ್ಲ. ಉರೀತಾ ಕೆಲ್ಸ ಬಿಟ್ಟು ಕೂತಿದ್ವಲ್ಲ ಎಲ್ಲಾರೂ. ಆ ಕೂಲಿ ಎಲ್ಲಿ?"

ಸಾಲಿಗೆ ಸಾಲೇ ಚರಕ ನಿಲ್ಲಿಸಿ ನನ್ನ ಮುಖ ನೋಡಿತು. ಸಾಹುಕಾರರು ಹೆಗಲ ಮೇಲಿನ ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು. ಅದರ ಹಿಂದೆ ನಗುತ್ತಿದ್ದರು.

"ಅದನ್ನ ಮೊದಲು ಬರ್ಕೊ ಕಣ್ಲಾ," ಎಂದರು.

ಬರೆದುಕೊಂಡೆ. ಒಟ್ಟು ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಬಾಬ್ತು ಆಯಿತು.